ಮೂರು ಆಮೆ ಇವೆ, ಯಾವ ಜಾತಿ ಅಂತ ಗೊತ್ತಿಲ್ಲ. ಯಾರಿಗೆ ಕೊಡಬೇಕು? (ಹುಬ್ಬಳ್ಳಿ)

ಗೋಕುಲ ರೋಡ್

ಎಲ್ಲರಿಗೂ ನಮಸ್ಕಾರ. ಪ್ರಾಣಿಗಳ ಬಗ್ಗೆ ತಿಳಿದವರು ಸ್ವಲ್ಪ ದಾರಿ ಹೇಳಿ. ನನ್ನ ಮೈದುನ ಕೆಲಸ ಸಿಕ್ಕು ಪುಣೆಗೆ ಹೋದ. ಹೋಗುವಾಗ ತನ್ನ ಮೂರು ಆಮೆಗಳನ್ನು ನಮ್ಮ ಮನೆಯಲ್ಲಿ ಬಿಟ್ಟಿದ್ದಾನೆ. ಅಂಗಡಿಯಲ್ಲಿ ಕೊಂಡವಲ್ಲ. ಹಾನಗಲ್ ಹತ್ತಿರ ನಮ್ಮ ಅತ್ತೆಯ ತವರೂರಿನ ಕೆರೆಯಲ್ಲಿ ಮೀನಿನ ಬಲೆಗೆ ಬಿದ್ದಿದ್ದವಂತೆ, ಬಲೆ ಎಳೆಯುವವರು ಕೊಟ್ಟರಂತೆ, ಇವನು ತಂದು ಸಾಕಿದ. ಮೂರೂ ಅದೇ ಕೆರೆಯವು ಅಂತ ಫೋನಿನಲ್ಲಿ ಖಾತ್ರಿಯಾಗಿ ಹೇಳುತ್ತಾನೆ.

ಈಗ ಮಾಳಿಗೆ ಮೇಲೆ ಒಂದು ದೊಡ್ಡ ಪ್ಲಾಸ್ಟಿಕ್ ಟಬ್ಬಿನಲ್ಲಿ ಇಟ್ಟಿದ್ದೇವೆ. ಮೂರೂ ಒಂದೊಂದು ಥರ. ಮೊದಲನೆಯದು ಕೆಸರಿನ ಬಣ್ಣ, ಚಪ್ಪಟೆ, ಚಿಪ್ಪಿನ ಮೇಲೆ ಗೆರೆ ಗೀರು ಏನೂ ಇಲ್ಲ, ಮುಟ್ಟಿದರೆ ಒದ್ದೆ ಚರ್ಮ ಮುಟ್ಟಿದ ಹಾಗೆ. ಮೂಗು ಹಂದಿಯ ಮೂತಿಯಂತೆ ಮುಂದೆ ಚಾಚಿದೆ. ಎರಡನೆಯದು ಕಪ್ಪು, ಚಿಪ್ಪು ಗಟ್ಟಿ, ಬೆನ್ನ ಮೇಲೆ ಉದ್ದಕ್ಕೆ ಮೂರು ಏಣು. ಮೂರನೆಯದು ಹಸಿರು, ಕುತ್ತಿಗೆ ತುಂಬ ಹಳದಿ ಗೆರೆ, ಕಣ್ಣಿನ ಹಿಂದೆ ಎರಡೂ ಕಡೆ ಕೆಂಪು ಪಟ್ಟಿ. ಈ ಹಸಿರಿನದರ ಕಣ್ಣು ಊದಿಕೊಂಡಿವೆ, ತೆರೆಯುತ್ತಲೇ ಇಲ್ಲ, ಊಟವನ್ನೂ ಬಿಟ್ಟಿದೆ.

ನನಗೆ ಎರಡು ಸಣ್ಣ ಮಕ್ಕಳು. ಇವನ್ನು ನೋಡಿಕೊಳ್ಳಲು ನನ್ನಿಂದ ಆಗುವುದಿಲ್ಲ, ಹಾಗಂತ ಎಲ್ಲೋ ಎಸೆದು ಬರುವುದಕ್ಕೂ ಮನಸ್ಸಿಲ್ಲ. ಆಮೆ ಇದ್ದ ಮನೆಗೆ ಒಳ್ಳೆಯದಾಗುತ್ತದೆ, ಕಳಿಸಬೇಡ ಅಂತ ಅತ್ತೆ ಹೇಳುತ್ತಾರೆ. 2023ರಲ್ಲಿ ಹುಲಿ ಉಗುರಿನ ಲಾಕೆಟ್ ಹಾಕಿಕೊಂಡವರನ್ನು ಹಿಡಿದ ಸುದ್ದಿ ನೋಡಿದಾಗಿನಿಂದ ನಮ್ಮ ಮನೆಯವರಿಗೆ ಕೇಸಿನ ಹೆದರಿಕೆ. ಇದರ ನಡುವೆ ಓಣಿಯ ಒಬ್ಬರು ಬಂದು ಕಪ್ಪು ಆಮೆಯ ಉಗುರು ಎಣಿಸಿ ನೋಡಿ, ನನಗೆ ಕೊಡಿ, ಬೇಕಾದರೆ ದುಡ್ಡು ಕೊಡುತ್ತೇನೆ ಅಂದರು. ಯಾಕೋ ನನಗೆ ಅದು ಸರಿ ಅನ್ನಿಸಲಿಲ್ಲ. ಉಣಕಲ್ ಕೆರೆಗೆ ಬಿಡಬಹುದಾ? ಇಲ್ಲ, ಚೆನ್ನಾಗಿ ಸಾಕುವವರು ಯಾರಾದರೂ ಇದ್ದಾರಾ?

ನವನಗರ ಹುಡುಗ

ಅಕ್ಕಾರೇ, ಇಷ್ಟೆಲ್ಲ ಯೋಚನೆ ಯಾಕೆ, ಉಣಕಲ್ ಕೆರೆ ದೊಡ್ಡದಿದೆ, ಸಂಜೆ ಹೋಗಿ ಬಿಟ್ಟುಬಿಡಿ. ನೀರಿನ ಪ್ರಾಣಿ ನೀರಿಗೆ ಸೇರಿತು, ಅದೇ ಪುಣ್ಯ.

ಸಾಧನಕೇರಿ ಪಕ್ಕ

ದಯವಿಟ್ಟು ಬಿಡಬೇಡಿ. ಮೇಲಿನ ತಮ್ಮ ಒಳ್ಳೆ ಮನಸ್ಸಿನಿಂದಲೇ ಹೇಳಿದ್ದಾರೆ, ಆದರೆ ಇದರಿಂದ ಎಷ್ಟು ಹಾಳಾಗುತ್ತದೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನೀವು ಬರೆದ ಗುರುತು ನೋಡಿದರೆ ಆ ಹಸಿರು ಆಮೆ ನಮ್ಮ ದೇಶದ್ದೇ ಅಲ್ಲ. ಕಣ್ಣಿನ ಹಿಂದೆ ಕೆಂಪು ಪಟ್ಟಿ ಅಂದರೆ ರೆಡ್ ಇಯರ್ಡ್ ಸ್ಲೈಡರ್. ಅದರ ಮೂಲ ಅಮೆರಿಕದ ಮಿಸಿಸಿಪ್ಪಿ ನದಿಯ ಕಡೆ. ಮರಿಯಿದ್ದಾಗ ನಾಣ್ಯದಷ್ಟು ಇರುತ್ತದೆ, ಮಕ್ಕಳಿಗೆ ಚೆಂದ ಕಾಣುತ್ತದೆ, ಅಕ್ವೇರಿಯಂ ಅಂಗಡಿಗಳಲ್ಲಿ ಮಾರುತ್ತಾರೆ. ಆಮೇಲೆ ತಟ್ಟೆಯಷ್ಟು ದೊಡ್ಡದಾಗುತ್ತದೆ, ನೀರು ಗಬ್ಬು ನಾರುತ್ತದೆ, ಆಗ ಜನ ಕೆರೆಗೆ ಬಿಟ್ಟು ಬರುತ್ತಾರೆ. ನಿಮ್ಮ ಮೈದುನ ಕೆರೆಯದ್ದು ಅಂತ ಹೇಳಿದ್ದು ನಿಜವೇ ಇರಬಹುದು, ಯಾರೋ ಸಾಕಿದವರು ಮೊದಲು ಆ ಕೆರೆಗೆ ಬಿಟ್ಟಿರುತ್ತಾರೆ. ಜಗತ್ತಿನಲ್ಲಿ ಅತಿ ಹೆಚ್ಚು ಹಾನಿ ಮಾಡುವ 100 ಹೊರಗಿನ ಜೀವಿಗಳು ಅಂತ ಐಯುಸಿಎನ್ ಅನ್ನುವ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಸ್ಥೆ ಮಾಡಿದ ಪಟ್ಟಿಯಲ್ಲಿ ಇದೂ ಒಂದು. ಬಿಸಿಲು ಕಾಯಿಸುವ ಜಾಗ, ತಿನ್ನುವ ಆಹಾರ ಎಲ್ಲದಕ್ಕೂ ನಮ್ಮ ಆಮೆಗಳ ಜೊತೆ ಪೈಪೋಟಿಗೆ ಬೀಳುತ್ತದೆ. ಯೂರೋಪಿನವರು 1997ರಲ್ಲೇ ಇದರ ಆಮದು ನಿಲ್ಲಿಸಿದರು.

ಉಳಿದ ಎರಡು ನಮ್ಮವೇ ಇರಬೇಕು. ಆದರೂ ಉಣಕಲ್‌ಗೆ ಬಿಡುವ ಹಾಗಿಲ್ಲ. ಅವು ಹಾನಗಲ್ ಕಡೆಯ ಕೆರೆಯವು. ಟಬ್ಬಿನಲ್ಲಿ ವಿದೇಶಿ ಆಮೆಯ ಜೊತೆ ಒಂದೇ ನೀರಿನಲ್ಲಿ ಇದ್ದವು, ಅದರಲ್ಲೂ ಒಂದಕ್ಕೆ ಕಾಯಿಲೆ. ಆ ರೋಗ ಇನ್ನೊಂದು ಕೆರೆಯ ಆಮೆಗಳಿಗೆ ಹತ್ತಿದರೆ ಯಾರಿಗೂ ಗೊತ್ತೂ ಆಗುವುದಿಲ್ಲ, ತಡೆಯುವುದಕ್ಕೂ ಬರುವುದಿಲ್ಲ. ನೀರು ಇದ್ದರೆ ಸಾಕು ಅನ್ನುವುದು ಸುಳ್ಳು ಅಲ್ವಾ. ದಂಡೆಯಲ್ಲಿ ಮೊಟ್ಟೆ ಇಡಲು ಸಡಿಲ ಮಣ್ಣು ಬೇಕು, ಹೂತು ಕೂರಲು ಕೆಸರು ಬೇಕು, ಬೀದಿ ನಾಯಿ ಬರದ ಜಾಗ ಬೇಕು. ಸುತ್ತ ಕಲ್ಲು ಕಟ್ಟಿ ವಾಕಿಂಗ್ ದಾರಿ ಮಾಡಿದ ಕಡೆ ಇದೆಲ್ಲ ಎಲ್ಲಿಂದ ಬರಬೇಕು?

ವರದಾ ದಂಡೆ

ನಾನು ಹಾವೇರಿ ಕಡೆಯವನು, ಚಿಕ್ಕಂದಿನಿಂದ ಹೊಳೆ ಕೆರೆ ತಿರುಗಿದವನು. ಜಾತಿ ಗುರುತಿಸುವುದರ ಬಗ್ಗೆ ಎರಡು ಮಾತು.

ಕೆಸರು ಬಣ್ಣದ್ದನ್ನು ಹಿಂದಿನಿಂದ ಹಿಡಿದು ಮೆಲ್ಲಗೆ ಎತ್ತಿ, ಹೊಟ್ಟೆ ಕಡೆ ನೋಡಿ. ಹಿಂಗಾಲು ಇರುವ ಕಡೆ ಎರಡು ಮೆತ್ತನೆಯ ಮುಚ್ಚಳ ಇವೆಯಾ? ಹೆದರಿದಾಗ ಕಾಲು ಒಳಗೆ ಎಳೆದುಕೊಂಡು ಆ ಮುಚ್ಚಳ ಮುಚ್ಚಿಕೊಳ್ಳುತ್ತದೆ. ಹಾಗಿದ್ದರೆ ಅದು ಫ್ಲ್ಯಾಪ್‌ಶೆಲ್, ನಮ್ಮ ಕೆರೆ ಗದ್ದೆಗಳಲ್ಲಿ ಜಾಸ್ತಿ ಕಾಣುವುದು ಅದೇ. ಉತ್ತರ ಭಾರತದ್ದರ ಬೆನ್ನ ಮೇಲೆ ಹಳದಿ ಚುಕ್ಕೆ ಇರುತ್ತವೆ, ನಮ್ಮ ಕಡೆಯದಕ್ಕೆ ಇರುವುದಿಲ್ಲ. ಕೆರೆ ಒಣಗಿದರೆ ಕೆಸರಿನೊಳಗೆ ಹೂತುಕೊಂಡು ಮಳೆ ಬರುವ ತನಕ ಸುಮ್ನೆ ಬಿದ್ದಿರುತ್ತದೆ. ಹೂಳು ಎತ್ತುವಾಗ ಜೆಸಿಬಿಗೆ ಸಿಗುವುದೂ ಹಾಗೇ.

ಮುಚ್ಚಳ ಇಲ್ಲದೆ ಬರೀ ಮೆತ್ತಗಿದ್ದರೆ ತಕ್ಷಣ ಹೇಳಿ. ತುಂಗಭದ್ರಾ, ಕೃಷ್ಣಾ ನದಿಗಳಲ್ಲಿ ಲೀತ್ಸ್ ಸಾಫ್ಟ್‌ಶೆಲ್ ಅಂತ ಇನ್ನೊಂದಿದೆ. ಅದು ಬಹಳ ದೊಡ್ಡದಾಗಿ ಬೆಳೆಯುತ್ತದೆ. ಮರಿಯ ಬೆನ್ನ ಮೇಲೆ ಕಣ್ಣಿನ ಆಕಾರದ ಗುಂಡು ಗುರುತುಗಳು ಇರುತ್ತವೆ, ಸಾಮಾನ್ಯವಾಗಿ ನಾಲ್ಕು. ಅದು ಅಳಿವಿನ ಅಂಚಿಗೆ ಬಂದು ನಿಂತ ಪ್ರಾಣಿ, ದಕ್ಷಿಣ ಭಾರತದ ನದಿಗಳನ್ನು ಬಿಟ್ಟರೆ ಬೇರೆಲ್ಲೂ ಇಲ್ಲ ಅನ್ನಬಹುದು. ಅದಕ್ಕೇ 2022ರಲ್ಲಿ ಅದರ ಅಂತರರಾಷ್ಟ್ರೀಯ ವ್ಯಾಪಾರವನ್ನು ಪೂರ್ತಿ ನಿಲ್ಲಿಸುವ ಪಟ್ಟಿಗೆ ಸೇರಿಸಿದರು.

ಮೂರು ಏಣಿನ ಕಪ್ಪು ಆಮೆ ಇಂಡಿಯನ್ ಬ್ಲ್ಯಾಕ್ ಟರ್ಟಲ್ ಇರಬೇಕು. ಅದೂ ನಮ್ಮ ಕಡೆಯದೇ, ಹಗಲು ಕಲ್ಲಿನ ಮೇಲೆ ಬಂದು ಕೂರುತ್ತದೆ.

ಒಂದು ಎಚ್ಚರಿಕೆ. ಫ್ಲ್ಯಾಪ್‌ಶೆಲ್ ಕುತ್ತಿಗೆ ನೀವು ಅಂದುಕೊಂಡದ್ದಕ್ಕಿಂತ ಉದ್ದ ಬರುತ್ತದೆ, ತಿರುಗಿಸಿ ಕಚ್ಚುತ್ತದೆ. ಚಿಪ್ಪಿನ ಹಿಂಭಾಗವನ್ನೇ ಹಿಡಿಯಬೇಕು. ಮಕ್ಕಳ ಕೈಗೆ ಕೊಡಬೇಡಿ.

ಗೋಕುಲ ರೋಡ್

ಎಲ್ಲರಿಗೂ ಧನ್ಯವಾದ. ಈಗಷ್ಟೇ ಮಾಳಿಗೆಗೆ ಹೋಗಿ ನೋಡಿ ಬಂದೆ. ಮುಚ್ಚಳ ಇದೆ! ಎತ್ತಿದ ಕೂಡಲೇ ಹಿಂಗಾಲು ಎರಡೂ ಮಾಯ, ಕೆಳಗೆ ಬಾಗಿಲು ಹಾಕಿಕೊಂಡ ಹಾಗೆ ಆಯಿತು. ಬೆನ್ನ ಮೇಲೆ ಚುಕ್ಕೆ ಇಲ್ಲ. ಹಸಿರಿನದು ಹೊರದೇಶದ್ದು ಅಂತ ಕೇಳಿ ಮೈದುನನಿಗೂ ಆಶ್ಚರ್ಯ, ಬಲೆಯಲ್ಲೇ ಬಂದದ್ದು ಅಂತ ಆಣೆ ಮಾಡುತ್ತಿದ್ದಾನೆ.

ಸರಿ, ಹಾಗಾದರೆ ಯಾರಿಗೆ ಕೊಡಲಿ? ಗದಗಿನ ಬಿಂಕದಕಟ್ಟಿ ಝೂಗೆ ತೆಗೆದುಕೊಂಡು ಹೋದರೆ ಇಟ್ಟುಕೊಳ್ಳುತ್ತಾರಾ? ಅತ್ತೆಯ ಊರಿನ ಗುಡಿಯ ಬಾವಿಗೆ ಬಿಟ್ಟರೆ ಹೇಗೆ? ಮೊದಲೆಲ್ಲ ಬಾವಿ ನೀರು ಸ್ವಚ್ಛ ಇರಲಿ ಅಂತ ಆಮೆ ಬಿಡುತ್ತಿದ್ದರು ಅಂತ ಅವರು ಹೇಳುತ್ತಾರೆ.

ಸಾಧನಕೇರಿ ಪಕ್ಕ

ಅತ್ತೆ ಹೇಳಿದ್ದು ಸುಳ್ಳಲ್ಲ. ಫ್ಲ್ಯಾಪ್‌ಶೆಲ್ ಸತ್ತ ಮೀನು, ಹುಳ, ಬಸವನಹುಳು ಎಲ್ಲ ತಿನ್ನುತ್ತದೆ, ಅದನ್ನು ನೋಡಿಯೇ ಹಿರಿಯರು ಬಾವಿಗೆ ಬಿಟ್ಟಿರಬೇಕು. ಆದರೆ ಬಾವಿಯ ಗೋಡೆ ನೆಟ್ಟಗೆ ಇರುತ್ತದೆ. ಹೊರಗೆ ಬರಲು ದಾರಿಯಿಲ್ಲ, ಬಿಸಿಲಿಲ್ಲ, ಮೊಟ್ಟೆ ಇಡುವ ಮಾತೇ ಇಲ್ಲ. ಎಷ್ಟೋ ವರ್ಷ ಬದುಕಬೇಕಾದ ಪ್ರಾಣಿ, ಆ ಕತ್ತಲಲ್ಲಿ ಒಂಟಿಯಾಗಿ ಕಳೆಯಬೇಕಾಗುತ್ತದೆ. ಅತ್ತೆಯವರಿಗೆ ಹೀಗೇ ಹೇಳಿ ನೋಡಿ, ಆಮೆಗೆ ಒಳ್ಳೆಯದಾಗಲಿ ಅನ್ನುವ ಮನಸ್ಸು ಅವರಿಗೆ ಇದ್ದೇ ಇದೆ.

ಝೂ ಬಾಗಿಲಿಗೆ ನೇರವಾಗಿ ಹೋಗಬೇಡಿ. ಎಲ್ಲವೂ ಅರಣ್ಯ ಇಲಾಖೆಯ ಮೂಲಕವೇ ಆಗಬೇಕು.

ಕೋರ್ಟ್ ಸರ್ಕಲ್

ಕಾನೂನಿನ ಕಡೆಯಿಂದ ನಾನು ಹೇಳುತ್ತೇನೆ. ನಾನು ವಕೀಲಿ ಮಾಡುತ್ತೇನೆ, ಇಂಥ ವಿಷಯ ಒಂದೆರಡು ಬಾರಿ ನನ್ನ ಮುಂದೆ ಬಂದಿದೆ.

ಸಾಕುವವರು ಇದ್ದಾರಾ ಅಂತ ಇಲ್ಲಿ ಕೇಳಿದ್ದೀರಿ. ಆ ಸಾಲನ್ನು ಮೊದಲು ತೆಗೆಯಿರಿ ಅಕ್ಕಾ. ನಮ್ಮ ದೇಶದ ಕಾಡು ಆಮೆಯನ್ನು ಇನ್ನೊಬ್ಬರಿಗೆ ಕೊಡುವುದು, ಮಾರುವುದು, ದತ್ತು ಅಂತ ಹಾಕುವುದು, ಯಾವುದಕ್ಕೂ ಅವಕಾಶ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹಿಡಿಯುವುದನ್ನೂ ಬೇಟೆ ಅಂತಲೇ ಲೆಕ್ಕ ಹಾಕುತ್ತಾರೆ. ಫ್ಲ್ಯಾಪ್‌ಶೆಲ್ ಇರುವುದು ಮೊದಲನೇ ಶೆಡ್ಯೂಲಿನಲ್ಲಿ, ಅಂದರೆ ಹುಲಿ ಇರುವ ಪಟ್ಟಿಯಲ್ಲೇ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಮೊದಲನೇ ಶೆಡ್ಯೂಲಿನ ಪ್ರಾಣಿಯ ವಿಷಯದಲ್ಲಿ ತಪ್ಪು ಸಾಬೀತಾದರೆ 3 ವರ್ಷಕ್ಕೆ ಕಡಿಮೆ ಇಲ್ಲದೆ 7 ವರ್ಷದ ತನಕ ಜೈಲು, ದಂಡ ಕನಿಷ್ಠ 25,000 ರೂಪಾಯಿ.

ಹೆದರಿಸಲು ಹೇಳಿದ್ದಲ್ಲ. ಹೆದರಿ ಜನ ರಾತ್ರೋರಾತ್ರಿ ಹಳ್ಳಕ್ಕೆ ಎಸೆದು ಬರುತ್ತಾರೆ, ಅದರಿಂದ ಪ್ರಾಣಿಗೂ ಕೇಡು, ಸಿಕ್ಕಿಬಿದ್ದರೆ ಅವರಿಗೂ ಕೇಡು. ಕಾಡುಪ್ರಾಣಿ ಸರ್ಕಾರದ ಸ್ವತ್ತು. ಅಂಥದ್ದು ಕೈಗೆ ಬಂದರೆ 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೆ ಅಥವಾ ಅರಣ್ಯ ಅಧಿಕಾರಿಗೆ ತಿಳಿಸಬೇಕು ಅಂತ ಅದೇ ಕಾಯ್ದೆಯ 39ನೇ ಕಲಂ ಹೇಳುತ್ತದೆ. ನಿಮ್ಮ ಮೈದುನ ಆಗ ತಿಳಿಸಿಲ್ಲ. ನೀವು ಈಗ ತಡ ಮಾಡಬೇಡಿ. ತಾವಾಗಿ ಬಂದು ಒಪ್ಪಿಸಿದವರನ್ನು ಅಧಿಕಾರಿಗಳು ನೋಡುವ ರೀತಿ ಬೇರೆ, ದಾಳಿಯಲ್ಲಿ ಸಿಕ್ಕವರನ್ನು ನೋಡುವ ರೀತಿ ಬೇರೆ. ನಾನು ಕಂಡ ಮಟ್ಟಿಗೆ ಹೀಗೆ.

ವಲಯ ಅರಣ್ಯಾಧಿಕಾರಿಗೆ, ಅದೇ ಆರ್‌ಎಫ್‌ಒಗೆ, ಒಂದು ಪುಟದ ಅರ್ಜಿ ಬರೆಯಿರಿ. ಆಮೆಗಳು ಎಲ್ಲಿ ಸಿಕ್ಕವು, ಯಾರು ತಂದರು, ನಿಮ್ಮ ಮನೆಗೆ ಹೇಗೆ ಬಂದವು, ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಬರೆಯಿರಿ. ಕೆರೆಯ ಹೆಸರು, ಊರು, ತಾಲ್ಲೂಕು ಬಿಡಬೇಡಿ. ಆಮೆಗಳನ್ನು ವಾಪಸ್ ಎಲ್ಲಿಗೆ ಬಿಡಬೇಕು ಅಂತ ಇಲಾಖೆಯವರು ತೀರ್ಮಾನಿಸುವುದು ಅದರ ಮೇಲೇ. ಇನ್ನೊಂದು ಪ್ರತಿಯ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಂಡು ಜೋಪಾನ ಮಾಡಿ. ಯಾವ ವಲಯ ಅಂತ ಗೊತ್ತಾಗದಿದ್ದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ.

ಉಗುರು ಎಣಿಸಿದವರ ಬಗ್ಗೆ ನಿಮಗೆ ಅನ್ನಿಸಿದ್ದು ಸರಿಯಾಗಿಯೇ ಇದೆ. ಇಷ್ಟು ಉಗುರು ಇದ್ದ ಆಮೆ ದುಡ್ಡು ತರುತ್ತದೆ ಅಂತ ನಂಬಿಸಿ ಲಕ್ಷಗಟ್ಟಲೆ ಮಾತಾಡುವ ದಂಧೆ ಇದೆ. ಅಂಥವರ ಕೈಗೆ ಸಿಕ್ಕ ಆಮೆ ಗೋಣಿಚೀಲದಲ್ಲಿ ಊರಿಂದ ಊರಿಗೆ ತಿರುಗಿ ಸಾಯುತ್ತದೆ. ಅವರನ್ನು ಮಾಳಿಗೆ ಹತ್ತಿಸಬೇಡಿ. ಇಲ್ಲಿ ಫೋಟೋ ಹಾಕುವುದಿದ್ದರೂ ಕೆರೆಯ ಹೆಸರು ಬರೆಯಬೇಡಿ, ಇಂಥ ಕಡೆ ಓದುವವರೆಲ್ಲ ಒಳ್ಳೆಯವರೇ ಇರುವುದಿಲ್ಲ.

ದನದ ಡಾಕ್ಟರ್, ಗದಗ

ಒಪ್ಪಿಸುವ ತನಕ ಹೇಗೆ ಇಟ್ಟುಕೊಳ್ಳಬೇಕು ಅಂತ ಯಾರೂ ಬರೆದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಒಂದು ದಿನವೇ ಇರಲಿ, ಸರಿಯಾಗಿ ಇಡಬೇಕು.

ಹಸಿರು ಆಮೆಯನ್ನು ಈಗಲೇ ಬೇರೆ ಟಬ್ಬಿಗೆ ಹಾಕಿ. ಮೂರನ್ನೂ ಒಟ್ಟಿಗೆ ಇಡಬೇಡಿ. ಕಣ್ಣು ಊದಲು ಸಾಮಾನ್ಯವಾಗಿ ಎರಡು ಕಾರಣ. ಒಂದು, ಒಂದೇ ಥರದ ಊಟ ತಿಂದು ತಿಂದು ವಿಟಮಿನ್ ಎ ಕಡಿಮೆಯಾಗಿರುತ್ತದೆ. ಎರಡು, ನೀರು ಹೊಲಸಾಗಿ ಸೋಂಕು ಆಗಿರುತ್ತದೆ. ಎರಡೂ ಸೇರಿಯೂ ಇರುತ್ತವೆ. ಮೆಡಿಕಲ್ ಅಂಗಡಿಯಿಂದ ವಿಟಮಿನ್ ತಂದು ನೀವೇ ಹಾಕಬೇಡಿ, ವಿಟಮಿನ್ ಎ ಜಾಸ್ತಿಯಾದರೆ ಆಮೆಯ ಚರ್ಮವೇ ಸುಲಿದು ಬರುತ್ತದೆ. ಕಣ್ಣು ಕಾಣದಿದ್ದರೆ ಅದು ತಿನ್ನುವುದಿಲ್ಲ, ಹಟ ಮಾಡುತ್ತಿದೆ ಅಂತ ಬಾಯಿಗೆ ತುರುಕಬೇಡಿ. ಪಶು ಆಸ್ಪತ್ರೆಗೆ ಒಯ್ದು ತೋರಿಸಿ, ಅಥವಾ ಇಲಾಖೆಯವರಿಗೆ ಕೊಡುವಾಗ ಇದಕ್ಕೆ ಮೊದಲು ಡಾಕ್ಟರ್ ಬೇಕು ಅಂತ ಅರ್ಜಿಯಲ್ಲೇ ಬರೆಯಿರಿ.

ಮಾಳಿಗೆಯ ಬಿಸಿಲು ಬಹಳ ಅಪಾಯ. ಪ್ಲಾಸ್ಟಿಕ್ ಟಬ್ಬಿನ ನೀರು ಮಧ್ಯಾಹ್ನದ ಹೊತ್ತಿಗೆ ಕುದಿಯುವ ಹಾಗೆ ಆಗುತ್ತದೆ, ಆಮೆ ಒಳಗೇ ಬೆಂದು ಹೋಗುತ್ತದೆ. ಬೆಳಗಿನ ಬಿಸಿಲು ಬೇಕು, ಅರ್ಧ ಟಬ್ಬಿಗೆ ನೆರಳೂ ಬೇಕು, ಬಿಸಿಯಾದರೆ ಸರಿದು ಹೋಗಲು. ಕಿಟಕಿಯ ಗಾಜಿನ ಹಿಂದೆ ಇಟ್ಟರೆ ಪ್ರಯೋಜನ ಇಲ್ಲ, ಚಿಪ್ಪಿಗೆ ಬೇಕಾದ ಕಿರಣವನ್ನು ಗಾಜು ತಡೆಯುತ್ತದೆ. ಆ ಬಿಸಿಲು ಮತ್ತು ಸುಣ್ಣದ ಅಂಶ ಸಿಗದಿದ್ದರೆ ಗಟ್ಟಿ ಚಿಪ್ಪಿನ ಆಮೆಯ ಚಿಪ್ಪು ಮೆತ್ತಗಾಗುತ್ತದೆ, ಸೊಟ್ಟಗಾಗುತ್ತದೆ. ಕಪ್ಪು ಆಮೆಯ ಚಿಪ್ಪಿನ ಅಂಚನ್ನು ಒಮ್ಮೆ ಒತ್ತಿ ನೋಡಿ, ಬಗ್ಗಿದರೆ ಅದನ್ನೂ ಡಾಕ್ಟರಿಗೆ ಹೇಳಬೇಕು. ಫ್ಲ್ಯಾಪ್‌ಶೆಲ್ ಮೆತ್ತಗಿರುವುದು ಮಾತ್ರ ಅದರ ಸಹಜ ಗುಣ.

ನೀರು, ಕಾಲೂರಿ ನಿಂತು ಮೂಗು ಮೇಲೆ ಎತ್ತಿದರೆ ಉಸಿರಾಡಲು ಬರುವಷ್ಟಿರಲಿ. ಕಪ್ಪಿನದಕ್ಕೆ ಹತ್ತಿ ಕೂರಲು ಒಂದು ಅಗಲ ಕಲ್ಲು ಅಥವಾ ಇಟ್ಟಿಗೆ, ಫ್ಲ್ಯಾಪ್‌ಶೆಲ್‌ಗೆ ಹೂತುಕೊಳ್ಳಲು ತಳದಲ್ಲಿ ತೊಳೆದ ನುಣುಪು ಮರಳು. ಹೊಸ ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಹುಬ್ಬಳ್ಳಿಯಲ್ಲಿ ನಲ್ಲಿ ಬರುವುದೇ ಕೆಲವು ದಿನಕ್ಕೊಮ್ಮೆ, ಹಾಗಾಗಿ ನೀವು ತುಂಬಿಟ್ಟ ನೀರೇ ಒಳ್ಳೆಯದು. ಅನ್ನ, ರೊಟ್ಟಿ, ಬ್ರೆಡ್, ಹಾಲು ಬೇಡ. ಎರೆಹುಳು, ಮುಳ್ಳಿನ ಸಮೇತ ಸಣ್ಣ ಮೀನು, ಸ್ವಲ್ಪ ಸೊಪ್ಪು ಸಾಕು. ಒಂದೆರಡು ದಿನ ತಿನ್ನದಿದ್ದರೂ ಗಾಬರಿ ಆಗಬೇಡಿ.

ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ ಅಂದಿರಿ. ಆಮೆ ನೋಡಲು ಆರೋಗ್ಯವಾಗಿದ್ದರೂ ಅದರ ಮೈಮೇಲೆ, ಆ ನೀರಿನಲ್ಲಿ ಸಾಲ್ಮೊನೆಲ್ಲಾ ಅನ್ನುವ ರೋಗಾಣು ಇರಬಹುದು. ಮಕ್ಕಳಿಗೆ ವಾಂತಿ, ಭೇದಿ, ಜ್ವರ ಜೋರಾಗಿ ಬರುತ್ತವೆ. ಅಮೆರಿಕದಲ್ಲಿ ಇದೇ ಕಾರಣಕ್ಕೆ 1975ರಲ್ಲಿ ನಾಲ್ಕು ಇಂಚಿಗಿಂತ ಸಣ್ಣ ಆಮೆ ಮಾರುವುದನ್ನೇ ನಿಲ್ಲಿಸಿದರು. ಆ ಟಬ್ಬಿನ ನೀರನ್ನು ಬಚ್ಚಲಿಗೆ ಚೆಲ್ಲಿ, ಅಡುಗೆಮನೆಯ ಸಿಂಕಿಗೆ ಬೇಡ. ಮುಟ್ಟಿದ ಮೇಲೆ ಸೋಪು ಹಚ್ಚಿ ಕೈ ತೊಳೆಯುವುದು ಎಲ್ಲರೂ ಮಾಡಬೇಕು.

ಒಯ್ಯುವಾಗ ಒಂದಕ್ಕೆ ಒಂದು ಡಬ್ಬಿ, ಗಾಳಿಯಾಡಲು ತೂತು, ಕೆಳಗೆ ಒದ್ದೆ ಗೋಣಿ ತಟ್ಟು. ನೀರು ತುಂಬಿಸಬೇಡಿ, ಗಾಡಿ ಕುಲುಕಿದರೆ ಮಗುಚಿ ಬಿದ್ದು ಮುಳುಗಿ ಸಾಯುತ್ತವೆ.

ನವನಗರ ಹುಡುಗ

ಇಷ್ಟು ವಿಷಯ ಇದೆ ಅಂತ ತಿಳಿದಿರಲಿಲ್ಲ. ಅಕ್ಕಾರೇ, ನನ್ನ ಹತ್ತಿರ ಮೀನು ಒಯ್ಯುವ ತೂತಿನ ಕ್ರೇಟ್ ಮೂರು ಇವೆ. ಬೇಕಿದ್ದರೆ ತಂದು ಕೊಡುತ್ತೇನೆ, ಗಾಡಿಯೂ ಇದೆ.

ಗೋಕುಲ ರೋಡ್

ಏನಾಯಿತು ಅಂತ ತಿಳಿಸುತ್ತೇನೆ, ಮುಂದೆ ಇದೇ ತೊಂದರೆ ಇರುವವರಿಗೆ ಅನುಕೂಲ ಆಗಲಿ. 1926ಕ್ಕೆ ಫೋನ್ ಮಾಡಿದೆ, ಅವರು ನಮ್ಮ ವಲಯದ ಆಫೀಸು ಯಾವುದು ಅಂತ ಹೇಳಿದರು. ಅರ್ಜಿ ಬರೆದು ಮನೆಯವರ ಜೊತೆ ಹೋದೆ, ನವನಗರದ ತಮ್ಮ ಕ್ರೇಟ್ ತಂದು ಕೊಟ್ಟಿದ್ದರು. ಅಲ್ಲಿ ಯಾರೂ ಗದರಿಸಲಿಲ್ಲ. ಹೇಳಿಕೆ ಬರೆಸಿಕೊಂಡರು, ಕೆರೆಯ ಹೆಸರು ಎರಡು ಸಲ ಕೇಳಿ ಬರೆದುಕೊಂಡರು, ಮೈದುನನ ಫೋನ್ ನಂಬರ್ ತೆಗೆದುಕೊಂಡರು. ಅವನನ್ನೂ ಕರೆಸಿ ಕೇಳುತ್ತಾರಂತೆ, ಬರುತ್ತೇನೆ ಅಂತ ಒಪ್ಪಿದ್ದಾನೆ. ಸೀಲು ಹಾಕಿದ ಪ್ರತಿ ನನ್ನ ಹತ್ತಿರ ಇದೆ.

ಫ್ಲ್ಯಾಪ್‌ಶೆಲ್ ಮತ್ತು ಕಪ್ಪು ಆಮೆಯನ್ನು ತೆಗೆದುಕೊಂಡರು. ಡಾಕ್ಟರ್ ಪರೀಕ್ಷೆ ಆದ ಮೇಲೆ ಹಾವೇರಿ ಕಡೆಯವರ ಜೊತೆ ಮಾತಾಡಿ ಬಿಡುವ ಜಾಗ ನೋಡುತ್ತಾರಂತೆ. ಹಸಿರಿನದನ್ನು ಎಲ್ಲೂ ಬಿಡಲು ಬರುವುದಿಲ್ಲ ಅಂದರು. ಇಡಲು ಸದ್ಯ ಜಾಗ ಇಲ್ಲ, ತೀರ್ಮಾನ ಆಗುವ ತನಕ ನೀವೇ ನೋಡಿಕೊಳ್ಳಿ ಅಂತ ಬರೆದು ಕೊಟ್ಟಿದ್ದಾರೆ. ಅದನ್ನು ಪಶು ಆಸ್ಪತ್ರೆಗೆ ತೋರಿಸಿದೆ, ಔಷಧ ನಡೆಯುತ್ತಿದೆ, ಒಂದು ಕಣ್ಣು ಸ್ವಲ್ಪ ತೆರೆದಿದೆ. ಆದರೆ ಇದು ಮೂವತ್ತು ವರ್ಷ ಬದುಕಬಹುದು ಅಂತ ಡಾಕ್ಟರ್ ಹೇಳಿದರು. ನನ್ನಿಂದ ಹೇಗೆ ಆಗಬೇಕು?

ಸಾಧನಕೇರಿ ಪಕ್ಕ

ಬಹಳ ಸಂತೋಷ ಆಯಿತು. ಸ್ಲೈಡರ್ ವಿಷಯಕ್ಕೆ ಬಂದರೆ, ನಮ್ಮ ಹಿತ್ತಲಲ್ಲಿ ನಾಲ್ಕೂ ಕಡೆ ಗೋಡೆ ಕಟ್ಟಿ ಮೇಲೆ ಜಾಲರಿ ಹಾಕಿದ ಸಿಮೆಂಟಿನ ತೊಟ್ಟಿ ಇದೆ. ಊರು ಬಿಟ್ಟು ಹೋದವರ ಎರಡು ಸ್ಲೈಡರ್ ಅದರಲ್ಲಿವೆ, ಎರಡೂ ಹೆಣ್ಣು. ನಿಮ್ಮದನ್ನೂ ಇಟ್ಟುಕೊಳ್ಳುತ್ತೇನೆ, ಆದರೆ ಮೊದಲು ಅದು ಪೂರ್ತಿ ಹುಷಾರಾಗಲಿ. ಬಂದ ಮೇಲೂ ಕೆಲವು ವಾರ ಬೇರೆ ಇಟ್ಟೇ ಆಮೇಲೆ ತೊಟ್ಟಿಗೆ ಬಿಡುವುದು. ಗಂಡಾದರೆ ಕೊನೆಯ ತನಕ ಬೇರೆಯೇ ಇಡಬೇಕು, ಮರಿ ಆಗಬಾರದು. ಮುಂಗಾಲಿನ ಉಗುರು ಬಹಳ ಉದ್ದ ಇದ್ದರೆ ಗಂಡು, ನೋಡಿ ಹೇಳಿ. ಹೀಗೆ ಧಾರವಾಡದವರಿಗೆ ಕೊಡುತ್ತಿದ್ದೇನೆ ಅಂತ ಆರ್‌ಎಫ್‌ಒ ಆಫೀಸಿಗೆ ಇನ್ನೊಂದು ಅರ್ಜಿ ಕೊಡಿ, ಅವರು ಒಪ್ಪಿ ಬರೆದು ಕೊಟ್ಟ ಮೇಲೆ ನಾನೇ ಬಂದು ಒಯ್ಯುತ್ತೇನೆ.

ವರದಾ ದಂಡೆ

ಅಕ್ಕಾ, ಆ ಕೆರೆಯ ಮೀನಿನ ಗುತ್ತಿಗೆ ಹಿಡಿದವರ ಗುರುತು ನಿಮ್ಮ ಅತ್ತೆಯ ತವರಿನವರಿಗೆ ಇರುತ್ತದೆ. ಒಂದು ಮಾತು ಹೇಳಿಸಿ. ನಮ್ಮ ಆಮೆ ಬಲೆಗೆ ಬಿದ್ದರೆ ಬಲೆ ಹರಿದರೂ ಸರಿ ಬಿಡಿಸಿ ಅಲ್ಲೇ, ಅದೇ ನೀರಿಗೆ ಬಿಡಬೇಕು, ಯಾರಿಗೂ ಕೊಡಬಾರದು. ಬಲೆಯೊಳಗೆ ಬಹಳ ಹೊತ್ತು ನೀರಿನಡಿ ಸಿಕ್ಕಿಕೊಂಡರೆ ಆಮೆಗೂ ಉಸಿರುಕಟ್ಟುತ್ತದೆ, ಹಾಗಾಗಿ ರಾತ್ರಿಯಿಡೀ ಬಲೆ ಬಿಟ್ಟು ಹೋಗದೆ ನಡುವೆ ಎತ್ತಿ ನೋಡಿದರೆ ಒಳ್ಳೆಯದು. ಕೆಂಪು ಪಟ್ಟಿಯದು ಸಿಕ್ಕರೆ ಮಾತ್ರ ವಾಪಸ್ ಬಿಡದೆ ಇಲಾಖೆಗೆ ಫೋನ್ ಮಾಡಲಿ. ಒಂದು ಸಿಕ್ಕಿದೆ ಅಂದರೆ ಇನ್ನೂ ಇರಬಹುದು. ಮುಂದಿನ ವಾರ ನಾನು ಹಾನಗಲ್‌ಗೆ ಹೋಗುವವನಿದ್ದೇನೆ, ಕೆರೆ ಯಾವುದು ಅಂತ ಇಲ್ಲಿ ಬೇಡ, ನನಗೆ ಬೇರೆಯಾಗಿ ತಿಳಿಸಿ, ದಂಡೆಯಲ್ಲಿ ಕೂತು ಒಂದು ಬೆಳಗ್ಗೆ ನೋಡಿ ಬರುತ್ತೇನೆ.